ಚಿಕ್ಕಮ್ಮನ ಪಥ್ಯ

ನಮ್ಮ ಚಿಕ್ಕಪ್ಪ ಬೀಗ ರಿಪೇರಿಯವರು. ಎಂಥ ಹಠಮಾರಿ ಬೀಗವಾದರೂ ಅವರ ಕೈಗೆ ಬಂದರೆ ಬಾಯಿ ಬಿಡುತ್ತಿತ್ತು. ಬಗ್ಗದಿದ್ದವರು ಚಿಕ್ಕಮ್ಮ ಒಬ್ಬರೇ.

ಮೂತ್ರಪಿಂಡ ಕೈಕೊಡಲು ಶುರುವಾದಾಗ ಮೊಟ್ಟೆ, ಮಾಂಸ, ಬೇಳೆ ಕಡಿಮೆ ಮಾಡಿ ಎಂದು ಡಾಕ್ಟರು ಹೇಳಿದ್ದರು. ಚಿಕ್ಕಮ್ಮ ಅಡುಗೆಮನೆಗೆ ಕಾವಲು ನಿಂತರು. ಕದ್ದು ಮೊಟ್ಟೆ ತಿಂದು ಚಿಕ್ಕಪ್ಪ ಸಿಕ್ಕಿಬಿದ್ದದ್ದೂ ಉಂಟು. ಆಮೇಲೆ ಡಯಾಲಿಸಿಸ್ ಶುರುವಾಯಿತು, ಪಥ್ಯ ತಿರುವುಮುರುವಾಯಿತು. ಯಂತ್ರ ರಕ್ತದ ಕೊಳೆಯ ಜೊತೆ ಮೈಗೆ ಬೇಕಾದ ಸತ್ವವನ್ನೂ ಒಂದಿಷ್ಟು ತೊಳೆದುಬಿಡುತ್ತದೆ, ಇನ್ನು ಚೆನ್ನಾಗಿ ತಿನ್ನಿ ಎಂದು ನರ್ಸ್ ಹೇಳಿದರು. ಚಿಕ್ಕಪ್ಪ ಹಿಗ್ಗಿ ಹೀರೇಕಾಯಿಯಾಗಿ ಮನೆಗೆ ಬಂದು ಅದನ್ನೇ ಹೇಳಿದರು.

“ನಿಮ್ಮ ನಾಲಿಗೆ ಚಪಲಕ್ಕೆ ನರ್ಸಮ್ಮನ ಹೆಸರು ಯಾಕೆ? ನನ್ನ ಕಿವಿಗೆ ಹೂ ಇಡೋಕೆ ಬರಬೇಡಿ,” ಎಂದರು ಚಿಕ್ಕಮ್ಮ.

ತೂಕದ ಯಂತ್ರವೂ ಅವರದೇ ಪಕ್ಷ. ತೂಕ ಇಳಿದಿರಲೇ ಇಲ್ಲ. ಮಾಂಸ ಕರಗಿದ ಕಡೆ ನೀರು ತುಂಬಿಕೊಂಡಿದೆ ಎಂದು ಮನೆಯಲ್ಲಿ ಯಾರಿಗೆ ಗೊತ್ತು? ಚಿಕ್ಕಪ್ಪನ ತೋಳು ಕಡ್ಡಿಯಾಗುತ್ತಿದ್ದುದು ನನಗೆ ಕಾಣುತ್ತಿತ್ತು. ಆದರೆ ಚಿಕ್ಕಮ್ಮನ ಎದುರು ಬಾಯಿ ತೆರೆಯುವ ಗಂಡು ನಮ್ಮ ಮನೆತನದಲ್ಲಿ ಹುಟ್ಟಿಲ್ಲ.

ಒಂದು ಬೆಳಿಗ್ಗೆ ಎದುರುಮನೆಯ ಹೆಂಗಸು ಕಿರುಚುತ್ತ ಓಡಿಬಂದಳು. ಗಾಳಿಗೆ ಬಾಗಿಲು ಬಡಿದು ಬೀಗ ಬಿದ್ದಿತ್ತು. ಒಳಗೆ ತೊಟ್ಟಿಲಲ್ಲಿ ಕೂಸು, ಒಲೆಯ ಮೇಲೆ ಎಣ್ಣೆ.

ಚಿಕ್ಕಪ್ಪ ತಂತಿಗಳ ಚೀಲ ಹಿಡಿದು ಏದುಸಿರು ಬಿಡುತ್ತ ಹೋದರು, ಹಿಂದೆ ನಾವೂ. ಬಾಗಿಲ ಸಂದಿಯಿಂದ ಹೊಗೆ ಬರುತ್ತಿತ್ತು. ಕೂಸು ಕೆಮ್ಮುತ್ತಿತ್ತು. ತಂತಿ ಸರಿಯಾಗಿಯೇ ಕೂತಿತು, ತಿರುಗಿಸಿದರೆ ಆಯಿತು. ಬೆರಳು ಜಾರಿದವು. ಮತ್ತೆ ಹಿಡಿದರು, ಮತ್ತೆ ಜಾರಿದವು. ಒಳಗೆ ಕೆಮ್ಮು ನಿಂತುಹೋಯಿತು.

“ಕೈಯಲ್ಲಿ ಶಕ್ತಿ ಇಲ್ಲ ಕಣೇ,” ಎಂದರು ಚಿಕ್ಕಪ್ಪ.

ಚಿಕ್ಕಮ್ಮ ಅವರ ಬೆರಳುಗಳ ಮೇಲೆ ತಮ್ಮ ಕೈ ಒತ್ತಿ, ಇದ್ದ ಬಲವೆಲ್ಲ ಹಾಕಿ ತಿರುಗಿಸಿದರು. ಬಾಗಿಲು ತೆರೆಯಿತು. ನಾನು ಒಲೆ ಆರಿಸಿದೆ, ತಾಯಿ ಕೂಸನ್ನು ಎತ್ತಿಕೊಂಡು ಹೊರಗೆ ಓಡಿದಳು. ಗಾಳಿ ಸೋಕಿದ್ದೇ ಅದು ಜೋರಾಗಿ ಅತ್ತಿತು. ಚಿಕ್ಕಮ್ಮ ಮಾತ್ರ ಗಂಡನ ಕೈ ಬಿಡದೆ ನಿಂತಿದ್ದರು. ಆ ಕೈಯಲ್ಲಿ ಮೂಳೆ ಬಿಟ್ಟರೆ ಬೇರೇನೂ ಅವರಿಗೆ ಸಿಗಲಿಲ್ಲ.

ಮಾರನೇ ದಿನ ಡಯಾಲಿಸಿಸ್‌ಗೆ ಚಿಕ್ಕಮ್ಮನೂ ಬಂದರು. “ಇವರು ಏನು ತಿನ್ನಬೇಕು?” ಎಂದು ನೇರವಾಗಿ ಕೇಳಿದರು.

“ಮೊಟ್ಟೆ, ಮಾಂಸ ಚೆನ್ನಾಗಿ ತಿನ್ನಬೇಕು ಅಂತ ಶುರುವಿನಲ್ಲೇ ಹೇಳಿದ್ದೆನಲ್ಲಮ್ಮಾ,” ಎಂದರು ನರ್ಸ್. “ಇವರು ಮನೇಲಿ ಹೇಳಲೇ ಇಲ್ವಾ?”

“ನಾನೇ ಮರೆತುಬಿಟ್ಟೆ, ಸಿಸ್ಟರ್,” ಎಂದರು ಚಿಕ್ಕಪ್ಪ ತಟ್ಟನೆ.

ಚಿಕ್ಕಮ್ಮ ಅವರನ್ನು ತಡೆದರು. “ಸುಳ್ಳು ಹೇಳಬೇಡಿ. ಇವರು ಅವತ್ತೇ ಹೇಳಿದ್ರು, ಸಿಸ್ಟರ್. ನಾನೇ ನಂಬಲಿಲ್ಲ. ನನ್ನ ಕೈಯಾರೆ ಇವರನ್ನ ಉಪವಾಸ ಕೆಡವಿದೆ.”