ಅಮಾಸೆ ದಾಟಿಸಿ ತಂದ ಹೆರಿಗೆ

ಬೆಳಿಗ್ಗೆ ಅಂಗಳ ಗುಡಿಸಿದೆ, ಬಾವಿಯಿಂದ ಸೇದಿ ಹಂಡೆ ತುಂಬಿದೆ, ದೋಸೆ ಹೊಯ್ದೆ, ಬರಲಿರುವ ಮೊಮ್ಮಗುವಿಗೆಂದು ಹಳೇ ಸೀರೆ ಹರಿದು ಮಡಿಸಿಟ್ಟೆ. ಬಟ್ಟೆ ಒಣಹಾಕುತ್ತಿದ್ದಾಗ ಬಿಣಗಾದ ನಮ್ಮ ಮನೆಯೆದುರು ಬಾಡಿಗೆ ಕಾರು ನಿಂತಿತು. ಚೊಚ್ಚಲ ಹೆರಿಗೆಗೆ ನನ್ನ ಮಗಳನ್ನು ಕರೆದುಕೊಂಡು ಹಟ್ಟಿಕೇರಿಯಿಂದ ಬೀಗತಿ ಬಂದಿದ್ದರು.

"ದಾರೀಲೇ ನೀರೊಡೀತು ಅಕ್ಕಾ. ಹತ್ತಿ, ಸೀದಾ ಕಾರವಾರಕ್ಕೇ ಹೋಗ್ವ."

ಬಕೆಟ್ ಅಲ್ಲೇ ಬಿಟ್ಟು ಹತ್ತಿದೆ. ಮಗಳ ಕೈ ಹಿಡಿದರೆ ಸುಡುತ್ತಿತ್ತು.

"ಜ್ವರ ಉಂಟಲ್ಲ?"

"ಬಸುರಿ ಮೈ, ಬಿಸಿ ಇರೂದೇ. ಕಾರೊಳಗೆ ಸೆಕೆ ಬೇರೆ," ಅಂದರು ಬೀಗತಿ.

ಮಗಳು ನರಳಿದಾಗ ಅವಳ ಬಾಯಿಂದ ಕಾಳುಮೆಣಸು, ತುಳಸಿಯ ವಾಸನೆ ಬಂತು. ನಮ್ಮ ಕಡೆ ಅದು ಜ್ವರದವರಿಗೆ ಕುದಿಸುವ ಕಷಾಯ. ಜ್ವರವೇ ಇಲ್ಲದಿದ್ದರೆ ಯಾಕೆ ಕುಡಿಸಿದರು? ನಿನ್ನೆ ಅಮಾಸೆ. ಮಧ್ಯಾಹ್ನ ನಾನು ಫೋನ್ ಮಾಡಿದಾಗ "ಎಲ್ಲಾ ಆರಾಮು, ಅವಳು ಮಲಗಿದ್ದಾಳೆ" ಎಂದು ಇವರೇ ಇಟ್ಟುಬಿಟ್ಟಿದ್ದರು. ಹಗಲು ಮಲಗುವ ಹುಡುಗಿ ಅಲ್ಲ ನನ್ನ ಮಗಳು.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಥರ್ಮಾಮೀಟರ್ ನೋಡಿ, "ನೀರು ಯಾವಾಗ ಹೋಯ್ತು?" ಎಂದರು.

"ಈಗ, ದಾರೀಲಿ," ಅಂದರು ಬೀಗತಿ. ಮಗಳು ಅತ್ತೆಯ ಮುಖ ನೋಡಿದಳು. ಅದು ನನ್ನ ಕಣ್ಣಿಗೆ ಬಿತ್ತು.

"ಬೀಗತಿಯವರೇ, ಒಂದು ಚೊಂಬು ಬಿಸಿನೀರು ಸಿಗ್ತದಾ ನೋಡಿ," ಎಂದು ಅವರನ್ನು ಹೊರಗೆ ಕಳಿಸಿದೆ. ಬಾಗಿಲು ಮುಚ್ಚಿದ್ದೇ ತಡ, ಮಗಳು ಅತ್ತಳು.

"ಆಯಿ, ನಿನ್ನೆ ಬೆಳಿಗ್ಗೆಯಿಂದಾನೇ ನೀರು ಹೋಗ್ತಿತ್ತು. ಅಮಾಸೆ ದಿನ ಹುಟ್ಟಿದ್ರೆ ಮನೆಗೆ ಆಗೂದಿಲ್ಲ, ಕಾಲು ಜೋಡಿಸಿ ಮಲಗು ಅಂದ್ರು. ಆಮೇಲೆ ಚಳಿ ಬಂತು."

ಡಾಕ್ಟರಮ್ಮನಿಗೆ ಇದ್ದದ್ದು ಇದ್ದ ಹಾಗೇ ಹೇಳಿದೆ. "ಮೊದಲೇ ಹೇಳೂದಲ್ವಾ? ನೀರು ಹೋಗಿ ಹೊತ್ತಾದಷ್ಟೂ ಒಳಗೆ ನಂಜಾಗ್ತದೆ. ಇವಳ ಜ್ವರ ಮಗುವಿಗೂ ಕಷ್ಟ," ಎಂದು ಬೈಯುತ್ತಲೇ ಡ್ರಿಪ್ ಹಾಕಿ, ಇಂಜೆಕ್ಷನ್ ಕೊಟ್ಟರು.

ಮಧ್ಯಾಹ್ನ ಹೆಣ್ಣು ಮಗು ಹುಟ್ಟಿತು. ಅಳು ಬೆಕ್ಕಿನ ಮರಿಯ ದನಿಯ ಹಾಗಿತ್ತು. ಪಕ್ಕೆ ಒಳಗೆ ಸೆಳೆದುಕೊಂಡು ಬೇಗ ಬೇಗ ಉಸಿರು ಎಳೆಯುತ್ತಿತ್ತು. ಬೆರಳಿನಷ್ಟು ಕೈಗೆ ಸೂಜಿ ಚುಚ್ಚಿ ಮಕ್ಕಳ ಕೋಣೆಗೆ ಒಯ್ದರು.

"ಅಂತೂ ಪಾಡ್ಯಕ್ಕೇ ಹುಟ್ಟಿದ್ಳಲ್ಲ," ಅಂದರು ಬೀಗತಿ, ಸೆರಗಲ್ಲಿ ಮುಖ ಒರೆಸಿಕೊಳ್ಳುತ್ತ.

"ಪಾಡ್ಯ ಬಂದು ಉಸಿರು ಕೊಡ್ತದಾ?"

ಅವರು ಎದ್ದು ಮಕ್ಕಳ ಕೋಣೆಯ ಕಡೆ ಹೋದರು. ಸ್ವಲ್ಪ ಹೊತ್ತಿಗೆ "ನರ್ಸ್ ಹೇಳಿದ್ರು, ಮಗು ಆರಾಮು" ಎಂದು ಬಂದರು. ನಾನು ನಂಬಲಿಲ್ಲ. ಎದ್ದು ಹೋಗಿ ಕೇಳಿದೆ. "ಇನ್ನೂ ಹೇಳ್ಲಿಕ್ಕಾಗೂದಿಲ್ಲ ಅಂದೆ ಅವರಿಗೆ," ಎಂದಳು ನರ್ಸ್. ಆಮೇಲೆ ಬೀಗತಿ ಏನು ಹೇಳಿದರೂ ನಾನೇ ಹೋಗಿ ಕೇಳಿಕೊಂಡು ಬಂದೆ.

ದೀಪ ಹಚ್ಚುವ ಹೊತ್ತಿಗೆ ಡಾಕ್ಟರಮ್ಮನೇ ಕರೆದು ತೋರಿಸಿದರು. ಪಕ್ಕೆ ಸೆಳೆತ ನಿಂತಿತ್ತು. ಇಂಜೆಕ್ಷನ್ ಇನ್ನೂ ಕೆಲವು ದಿನ ಬೇಕು ಅಂದರು. ಮಗಳು ಹಿಂಡಿಕೊಟ್ಟ ಹಾಲನ್ನು ಚಮಚೆಯಲ್ಲಿ ಬಿಟ್ಟಾಗ ಮಗು ನುಂಗಿತು. ನುಂಗಿದ್ದನ್ನು ನಾನೇ ನೋಡಿದೆ.

ಮಗಳು ನಾಲ್ಕು ಚಮಚೆ ಗಂಜಿ ಕುಡಿದಳು. ಬೀಗತಿ ಹೊರಗಿನಿಂದ ಪಾವು, ಬಟಾಣಿ ಭಾಜಿ ತಂದು ನನ್ನ ಮುಂದೆ ಇಟ್ಟರು. ಹಸಿವಿತ್ತು, ತಿಂದೆ. ಬೆವರು ಬಿಟ್ಟು, ಜ್ವರ ಇಳಿದು ಮಗಳು ಮೊದಲು ನಿದ್ದೆ ಹೋದಳು. ಬೀಗತಿ ಬೆಂಚಿನ ಮೇಲೆ ಕಣ್ಣು ಮುಚ್ಚಿದ್ದರು. ಅದು ನಿದ್ದೆಯೋ ಅಲ್ಲವೋ, ನನಗೆ ಗೊತ್ತಾಗಲಿಲ್ಲ.