ಭಾವನ ಶ್ರುತಿ

ಬೀದಿಯವರೆಲ್ಲ ಅವನನ್ನು ಸಿಡುಕಪ್ಪ ಎಂದೇ ಕರೆಯುತ್ತಿದ್ದರು. ಮುರಿದ ಗಿಟಾರ್ ತಂದವರಿಗೆ ಮೊದಲು ಬೈಗುಳ, ಆಮೇಲೆ ರಿಪೇರಿ. ಕೈಕೆಲಸ ಮಾತ್ರ ಅಚ್ಚುಕಟ್ಟು. ಬೈಸಿಕೊಂಡವರೂ ಮತ್ತೆ ಅಲ್ಲಿಗೇ ಬರುತ್ತಿದ್ದರು.

ಆ ಸಲ ಬಂದದ್ದು ಸ್ವಂತ ಅಕ್ಕನ ಗಂಡನ ಗಿಟಾರ್. ತಂತಿ ಕಟ್ಟುವ ಮರದ ಪಟ್ಟಿ ಎದ್ದುಬಂದಿತ್ತು. ಸಿಡುಕಪ್ಪ ಒಮ್ಮೆ ಮೀಟಿದ. ಎಲ್ಲೂ ಕೇಳದ ನಾದ. ಯಾವನೋ ಬಿರಡೆಗಳನ್ನು ಮನಸ್ಸಿಗೆ ಬಂದಂತೆ ತಿರುಚಿದ್ದಾನೆ ಎಂದು ಗೊಣಗಿ, ತಂತಿ ಸಡಿಲಿಸಿ, ಪಟ್ಟಿ ಅಂಟಿಸಿ, ಎಲ್ಲ ಗಿಟಾರುಗಳಿಗೆ ಮಾಡುವಂತೆಯೇ ಶ್ರುತಿ ಕೂಡಿಸಿಟ್ಟ.

ಒಯ್ಯಲು ಬಂದ ಭಾವ ಮೀಟಿ ನೋಡಿ ಪೆಚ್ಚಾದ. "ತಂತಿ ಸರಿ ಇದೆಯೇನಯ್ಯ?"

"ತಂತಿ ಸರಿ ಇದೆ. ನಿಮ್ಮ ಕಿವಿ ತೋರಿಸ್ಕೊಳ್ಳಿ ಭಾವ!"

ಭಾವ ಗಿಟಾರ್ ಎತ್ತಿಕೊಂಡು ಹೊರಟುಹೋದ.

ವಾರದ ಮೇಲೆ ಅಕ್ಕ ಅಂಗಡಿಗೇ ನುಗ್ಗಿದಳು. "ಏನೋ ಅಂದೆ ಅವರಿಗೆ? ಬೆರಳು ಹೋಯ್ತು, ಈಗ ಕಿವೀನೂ ಹೋಯ್ತು ಅಂತ ಗಿಟಾರ್ ಅಟ್ಟದ ಮೇಲೆ ಹಾಕಿದ್ದಾರೆ."

"ಕೆಟ್ಟ ಶ್ರುತಿ ಸರಿ ಮಾಡ್ದೆ, ಅಷ್ಟೇ."

"ಕೆಟ್ಟದ್ದಲ್ವೋ! ಗರಗಸಕ್ಕೆ ಸಿಕ್ಕಿ ಎಡಗೈಲಿ ಉಳಿದಿದ್ದು ತೋರುಬೆರಳೊಂದು. ಅದೊಂದನ್ನೇ ತಂತಿಗಳ ಮೇಲೆ ಅಡ್ಡ ಇಟ್ರೆ ಸಾಕು, ಹಾಡಿಗೆ ಜೊತೆಯಾಗ್ಲಿ ಅಂತ ತಿಂಗಳುಗಟ್ಟಲೆ ಹುಡುಕಿ ಆ ಶ್ರುತಿ ಹೊಂದಿಸ್ಕೊಂಡಿದ್ರು. ಒಂದಿನ ಮನೆಗೆ ಬಂದು ಅವರು ನುಡಿಸೋದು ಕೇಳಿದ್ರೆ ತಾನೇ ನಿಂಗೆ ಗೊತ್ತಾಗೋದು?"

ಅಕ್ಕನ ಮನೆ ಎರಡು ಬೀದಿ ಆಚೆಗಿತ್ತು. ಸಿಡುಕಪ್ಪ ಅಂಗಡಿಯ ಬಾಗಿಲೆಳೆದುಕೊಂಡು ಅವಳ ಹಿಂದೆಯೇ ನಡೆದ.

"ನಿಮ್ಮ ಕಿವಿ ಚೆನ್ನಾಗೇ ಇದೆ ಭಾವ. ಕೆಡಿಸಿದ್ದು ನಾನು."

ಭಾವ ಅವನತ್ತ ತಿರುಗಿದ. "ನಾನು ಸುಮ್ನೆ ನನ್ನನ್ನೇ ಬೈಕೊಂಡೆನಲ್ಲಯ್ಯ."

"ಈಗ ನನ್ನ ಬೈರಿ."

"ಅದು ನಿನ್ನ ಕಸುಬು. ನಂಗೆ ಬರಲ್ಲ."

ಆ ಮಾತಿಗೆ ಸಿಡುಕಪ್ಪನಿಗೆ ನಗಲೂ ಆಗಲಿಲ್ಲ. ಅಟ್ಟದಿಂದ ಗಿಟಾರ್ ಇಳಿಸಿ ಭಾವನ ಎದುರು ಕುಳಿತ. ಭಾವ ಮೀಟುವುದು, ಇವನು ಬಿರಡೆ ತಿರುವುವುದು. ದಪ್ಪ ತಂತಿಗಳು ಹೇಗೋ ಕೂಡಿಬಂದವು. ಸಣ್ಣವೆರಡು ಜಪ್ಪಯ್ಯ ಎನ್ನಲಿಲ್ಲ. ಅಂಗಡಿಯಲ್ಲಿ ಕೇಳಿದ್ದ ನಾದವನ್ನು ನೆನೆಯಲು ಹೋದರೆ ತನ್ನ ಗೊಣಗಾಟವೇ ನೆನಪಾಗುತ್ತಿತ್ತು.

"ಅದಲ್ಲ," ಎಂದ ಭಾವ. "ಅದೂ ಅಲ್ಲ." ಕೊನೆಗೆ, "ಸಾಕು ಬಿಡು, ಇದೇ ಇರ್ಲಿ. ಚೆನ್ನಾಗೇ ಇದೆ."

ತನ್ನ ಸಪ್ಪೆ ಮುಖ ನೋಡಲಾರದೆ ಆಡಿದ ಮಾತೆಂದು ಸಿಡುಕಪ್ಪನಿಗೆ ತಿಳಿಯಿತು. ಬೈದಿದ್ದರೇ ವಾಸಿಯಿತ್ತು.

"ಇಲ್ಲ ಭಾವ," ಎಂದು ಮತ್ತೆ ಸಡಿಲಿಸಿದ. "ಮೀಟಿ."