ಕಂಡಕ್ಟರಮ್ಮನ ಮೊದಲ ತಟ್ಟೆ

ಹತ್ತೊಂಬತ್ತು ವರ್ಷ ಬಸ್ಸಿನಲ್ಲಿ ಟಿಕೆಟ್ ಹರಿದ ಕಂಡಕ್ಟರಮ್ಮನ ಬಾಯಿ ಜೋರು, ಕೈ ಅದಕ್ಕಿಂತ ಚುರುಕು. ಭಾನುವಾರ ಸಂಜೆ ಅವಳು ಕಲಸುವ ಚುರುಮುರಿಗಾಗಿ ಮನೆಯವರೆಲ್ಲ ನಾಲ್ಕು ಗಂಟೆಯಿಂದಲೇ ಅಡುಗೆಮನೆ ಸುತ್ತ ಸುಳಿದಾಡುತ್ತಿದ್ದರು. ಒಂದು ದಿನ ಡ್ರೈವರ್ ಗಕ್ಕನೆ ಬ್ರೇಕ್ ಹಾಕಿದ. ಕಂಬಿ ಕೈತಪ್ಪಿ ಬಿದ್ದವಳ ಬಲ ಮಣಿಕಟ್ಟಿಗೆ ಪ್ಲಾಸ್ಟರ್ ಬಂತು.

ಆ ಭಾನುವಾರ ಗಂಡ ಅಂಗಿಯ ತೋಳು ಮೇಲೇರಿಸಿದ. ಅವನು ಗಡಿಯಾರ ರಿಪೇರಿಯವನು.

"ಇವತ್ತು ನಾನೇ ಮಾಡ್ತೀನಿ. ನೀನು ಕೂತ್ಕೊಂಡು ಹೇಳು, ಸಾಕು."

"ಹೇಳೋದೇನು ನನಗೆ ಹೊಸದಾ?" ಎಂದು ಅವಳು ಸ್ಟೂಲ್ ಎಳೆದುಕೊಂಡು ಕುಳಿತಳು. "ರೈಟ್, ರೈಟ್!"

ಅವನು ಮಂಡಕ್ಕಿ ಸುರಿದವನೇ ಟೊಮೆಟೊ ಹಾಕಿ ನಿಂಬೆಹಣ್ಣು ಹಿಂಡಿದ.

"ಹೋಲ್ಡಾನ್! ಹೋಲ್ಡಾನ್!"

ಕಾಲ ಮಿಂಚಿತ್ತು. ಆಮೇಲೆ ಅವನು ಒಂದು ಕಣ್ಣು ಮುಚ್ಚಿಕೊಂಡು ಈರುಳ್ಳಿ ಹೆಚ್ಚತೊಡಗಿದ.

"ಅದು ಈರುಳ್ಳಿ ರೀ, ವಾಚಿನ ಮುಳ್ಳಲ್ಲ!"

ಈರುಳ್ಳಿ ಮುಗಿಯುವಷ್ಟರಲ್ಲಿ ಮಂಡಕ್ಕಿ ನೆನೆದು ಮುದ್ದೆಯಾಗಿತ್ತು. ಅತ್ತೆ ಮಾತ್ರ ಒಂದು ತುತ್ತು ತಿಂದು, "ಚೆನ್ನಾಗಿದೆ ಕಣೋ. ಹಲ್ಲಿಲ್ಲದವರ ಕಷ್ಟ ಈ ಮನೇಲಿ ಒಬ್ಬನಿಗಾದ್ರೂ ಅರ್ಥ ಆಯ್ತು," ಎಂದು ಬೋಗುಣಿಯನ್ನೇ ತಮ್ಮತ್ತ ಎಳೆದುಕೊಂಡರು.

"ಮೊದಲು ಹೆಚ್ಚೋದೆಲ್ಲ ಹೆಚ್ಚಿಟ್ಕೊಳ್ಳಿ," ಎಂದಳು ಕಂಡಕ್ಟರಮ್ಮ. "ಕ್ಯಾರೆಟ್ ತುರೀರಿ. ಮಂಡಕ್ಕಿಗೆ ಎಣ್ಣೆ, ಉಪ್ಪು, ಖಾರದಪುಡಿ ಸವರಿ. ಆಮೇಲೆ ಕಡಲೆಬೀಜ, ಕೊತ್ತಂಬರಿ. ನಿಂಬೆ ಕಟ್ಟಕಡೆಗೆ. ಹಿಂಡಿದ ಮೇಲೆ ಹಿಂದೆ ಮುಂದೆ ನೋಡ್ಬಾರದು."

ಎರಡನೆಯ ಸಲ ಅವನು ಹಿಂದೆ ಮುಂದೆ ನೋಡಲಿಲ್ಲ. ಎರಡೂ ಕೈಯಿಂದ ಸರಸರನೆ ಕಲಸಿ, ಮೊದಲ ತಟ್ಟೆಯನ್ನು ಅವಳ ಮಡಿಲಿಗಿಟ್ಟ.

"ಮಗಳಿಗೆ ಕೊಡಿ ಮೊದಲು."

"ಮೆತ್ತಗಾಗುತ್ತೆ, ತಿನ್ನೇ."

ಎಡಗೈಯಲ್ಲಿ ಒಂದು ಹಿಡಿ ಬಾಯಿಗೆ ಹಾಕಿಕೊಂಡಳು. ಕರಕರ ಸದ್ದಿಗೆ ಅವಳೇ ಬೆಚ್ಚಿದಳು. ಇಷ್ಟು ವರ್ಷ ಒಬ್ಬರಿಗೆ ಖಾರ, ಇನ್ನೊಬ್ಬರಿಗೆ ಹುಳಿ ಅಂತ ಎಲ್ಲರ ತಟ್ಟೆ ತುಂಬಿಸಿ, ಮರುಬಡಿಸಿ, ಬೋಗುಣಿಯ ತಳ ಕೆರೆದು ತಿನ್ನುವಾಗ ಅದು ಮೆತ್ತಗಾಗಿರುತ್ತಿತ್ತು. ಅದೇ ಅದರ ರುಚಿ ಅಂದುಕೊಂಡಿದ್ದಳು.

"ಅಯ್ಯೋ, ಇದು ಇಷ್ಟು ಗರಿಗರಿಯಾಗಿರುತ್ತಾ?"

"ಇಷ್ಟು ದಿನ ಕಲಸಿದವಳು ನೀನೇ ಅಲ್ವೇನೇ!" ಎಂದು ನಕ್ಕ ಗಂಡ. ಅವಳ ಮುಖ ನೋಡಿ ನಗು ಅರ್ಧಕ್ಕೇ ನಿಂತಿತು. ಇನ್ನೊಂದು ಹಿಡಿ ಅವಳ ತಟ್ಟೆಗೆ ಹಾಕಿದ.

ತಿಂಗಳ ಮೇಲೆ ಪ್ಲಾಸ್ಟರ್ ಬಿಚ್ಚಿದರು. ಬೋಗುಣಿಗೆ ಕೈಹಾಕಲು ಬಂದವಳನ್ನು ಅವನು ತಡೆದ. "ಹೆಚ್ಚೋದು ನಿಂದು, ಕಲಸೋದು ನಂದು."

ಅವಳು ಟಪಟಪ ಹೆಚ್ಚಿಕೊಟ್ಟು, ಕೈತೊಳೆದು ನಡುಮನೆಗೆ ಬಂದು ಕುಳಿತಳು. ಉಪ್ಪು ಜಾಸ್ತಿ ಹಾಕ್ತಾರೇನೋ ಎಂಬ ಚಿಂತೆಗೆ ಎರಡು ಸಲ ಅಡುಗೆಮನೆಗೆ ಇಣುಕಿದಳು. ಜಾಸ್ತಿಯೇ ಆಗಿತ್ತು. ಆದರೂ ಎಲ್ಲರೂ ಎರಡೆರಡು ಸಲ ಹಾಕಿಸಿಕೊಂಡರು.